ಎಳೆ

ವಿಸ್ಕಾನ್ ನದಿ ಆಗೆಲ್ಲ
ಬಣ್ಣದ ಬಾನಿಗಳನ್ನು ಕುಡಿದು ಹರಿಯುತ್ತಿತ್ತು,
ಸೋಮವಾರ ಕೆಂಪು, ಗುರುವಾರ ನೀಲಿ.
ಈಗ ಬೊರೋಸ್‌ನ ಗಿರಣಿಗಳಲ್ಲಿ ಜಿಮ್ಮು, ಕಾಫಿ ಅಂಗಡಿ.
ಮೂರನೇ ಮಹಡಿಯಲ್ಲಿ ನಾನು, ಗುನ್ನೆಲ್,
ಅರವತ್ತೊಂದರ ಹೆಣಿಗೆಯವಳು,
ಎದುರಿಗೆ ಒಂದು ದುಂಡು ಯಂತ್ರ,
ಪ್ರತಿ ಸೂಜಿಗೂ ಒಂದು ಪುಟ್ಟ ನಾಲಗೆ.

ಹತ್ತಿಯಲ್ಲ, ಉಣ್ಣೆಯಲ್ಲ,
ಬೆಳ್ಳಿ ಲೇಪಿಸಿದ ನೂಲು.
ಕಿಲೋದ ಬೆಲೆ ಹೇಳಿದರೆ
ಗಿರಣಿಯಲ್ಲೇ ಕೆಮ್ಮಿ ಸತ್ತ ನನ್ನಮ್ಮ ಎದ್ದು ಕೂರುತ್ತಾಳೆ.
ಮೊಣಕಾಲಿನ ಹೊರಬದಿ, ಗುಬುಟು ಮೂಳೆಯ ಕೆಳಗೆ
ನರ ಚರ್ಮಕ್ಕೆ ತೀರ ಹತ್ತಿರ ಬರುತ್ತದೆ,
ಅಲ್ಲಿ ಒಂದು ತೇಪೆ.
ಇನ್ನೊಂದು ಕೆಳಗೆ, ಕಣಕಾಲ ಮೂಳೆಯ ಪಕ್ಕ.
ಕುಣಿಕೆ ಸಡಿಲಾದರೆ ಕರೆಂಟು
ಒಂದೇ ಕಡೆ ಗುಂಪುಗೂಡಿ ಕುಟುಕುತ್ತದೆ;
ಬಿಗಿಯಾದರೆ ಕಾಲು ನೀಲಿಗಟ್ಟುತ್ತದೆ.
ಇಂಜಿನಿಯರ್ ಹುಡುಗಿ ಪರ್ವಾನೆ ಇದಕ್ಕೊಂದು ಸೂತ್ರ ಬರೆದಿದ್ದಾಳೆ.
ನಾನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತೇನೆ.
ಸಾಮಾನ್ಯವಾಗಿ ಇಬ್ಬರದೂ ಒಂದೇ ಉತ್ತರ.

ಪರೀಕ್ಷೆಗೆ ಬರುವವರ ಪಟ್ಟಿಯಲ್ಲಿ
ನಾಲ್ಕನೆಯ ಹೆಸರು ಸಿಕ್ಸ್ಟೆನ್.

ಇಪ್ಪತ್ತೆರಡು ವರ್ಷದ ಹಿಂದೆ
ನನ್ನ ಮನೆಯಿಂದ ಕಾಲ್ಕಿತ್ತವನು.
ಏಳನೇ ನಂಬರ್ ಬಸ್ಸಿನ ಡ್ರೈವರು,
ಹತ್ತಿದವರ ಕಾಲೆಳೆಯದೆ ಟಿಕೆಟ್ ಕೊಟ್ಟವನಲ್ಲ.
ಮಿದುಳಲ್ಲಿ ಒಂದು ಹನಿ ರಕ್ತ ಹೆಪ್ಪುಗಟ್ಟಿತು,
ಈಗ ತನ್ನ ಕಾಲನ್ನೇ ಎಳೆಯುತ್ತಾನೆ,
ಬಲ ಪಾದದ ತುದಿ
ಹೊಸ್ತಿಲು, ಕಂಬಳಿ, ಏನೂ ಇಲ್ಲದ ನೆಲ,
ಎಲ್ಲದಕ್ಕೂ ಎಡವುತ್ತದೆ.

"ಬೇರೆಯವರನ್ನು ಕರೆಯಲಾ?" ಅಂದಳು ಪರ್ವಾನೆ.
"ಬೇಡ," ಅಂದೆವು, ಇಬ್ಬರೂ ಒಟ್ಟಿಗೇ.

ಮಂಡಿಯೂರಿ ಕೂತು ಕಾಲುಚೀಲ ಏರಿಸಿದೆ.
ಆ ಕಾಲು ನನಗೆ ಗೊತ್ತು:
ಹರ್ನಿಯಿಲ್ಲದ ಸೈಕಲ್ಲಿನಿಂದ ಬಿದ್ದ ಗಾಯದ ಗೆರೆ,
ಉಗುರು ಒಳಗೆ ಬೆಳೆಯುವ ಕಿರುಬೆರಳು.
ಆದರೆ ಮೀನಖಂಡ ಕರಗಿಹೋಗಿದೆ,
ನನ್ನ ಅಳತೆಗಳೆಲ್ಲ ದೊಡ್ಡದಾದವು.
ತೇಪೆಗೆ ಉಪ್ಪುನೀರು ಸವರಿದೆ,
ಒಣ ಬೆಳ್ಳಿ ಮಾತಾಡುವುದಿಲ್ಲ.

ನಾಲ್ಕು. ಏನಿಲ್ಲ.
ಎಂಟು. "ಇರುವೆ ಹರಿದ ಹಾಗೆ."
ಹತ್ತು. "ಜೋಮು."
ಹದಿಮೂರು ಮಿಲಿಆಂಪಿಯರ್.
ಪಾದ ಎದ್ದಿತು,
ತರಗತಿಯಲ್ಲಿ ಉತ್ತರ ಗೊತ್ತಿದ್ದ ಹುಡುಗನ ಕೈಯಂತೆ.

ಸಿಕ್ಸ್ಟೆನ್ ಅದನ್ನೇ ನೋಡುತ್ತ ಕೂತ.
ಇಳಿಯಿತು. ಎದ್ದಿತು.
"ನಾನು ಎತ್ತಿದ್ದಾ, ನೀನು ಎತ್ತಿದ್ದಾ?"
"ಬ್ಯಾಟರಿ," ಅಂದೆ.
"ನಿನ್ನ ಜೊತೆ ಇದ್ದಾಗ ನನಗೆ ಶಾಕ್ ಹೊಡೆಯದ ದಿನ ಯಾವುದು," ಅಂದ.
ಪರ್ವಾನೆ ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡಳು.

ಕಾರಿಡಾರಿನಲ್ಲಿ ಹತ್ತು ಹೆಜ್ಜೆ ನಡೆದ.
ಹಿಮ್ಮಡಿ ನೆಲ ಬಿಟ್ಟಾಗೊಮ್ಮೆ
ನೂಲಿನೊಳಗೆ ಏನೋ ಓಡುತ್ತಿತ್ತು,
ಬೂಟಿನ ತುದಿ ಎಡವುತ್ತಿರಲಿಲ್ಲ.
ಹನ್ನೊಂದನೆಯ ಹೆಜ್ಜೆಗೆ ಗೋಡೆ ಹಿಡಿದುಕೊಂಡ.
ಅತ್ತಿದ್ದಕ್ಕಾ, ದಣಿದದ್ದಕ್ಕಾ, ನಾನು ಕೇಳಲಿಲ್ಲ.

ಮೂರನೇ ವಾರ ಫೋನು: ಚೀಲ ಸತ್ತಿದೆ.
ತರಿಸಿ ನೋಡಿದೆ. ಬೆಳ್ಳಿ ಮಸಿಯಾಗಿತ್ತು,
ಗುಲಾಬಿ ವಾಸನೆ ಬೇರೆ.
ಮೆದು ಮಾಡುವ ದ್ರಾವಣ ಸುರಿದು
ಟವೆಲ್ಲುಗಳ ಜೊತೆ ಅರವತ್ತು ಡಿಗ್ರಿಯಲ್ಲಿ ಒಗೆದಿದ್ದ.
"ಅಷ್ಟು ವರ್ಷದಲ್ಲಿ ಒಂದು ಚೀಲ ಒಗೆಯಲು
ಕಲಿಸಲಿಲ್ಲವಲ್ಲ ನೀನು," ಅಂದ.
ಬೈದೆ. ಚೆನ್ನಾಗಿ ಬೈದೆ.
ಫೋನಿಟ್ಟ ಮೇಲೂ ಸ್ವಲ್ಪ ಬೈದೆ.

ಹೊಸದು ಹೆಣೆದೆ, ಎರಡು ಸಾಲು ಕುಣಿಕೆ ಬಿಗಿ ಮಾಡಿ.
ಎಲ್ಲ ಮಾದರಿಗಳನ್ನೂ
ಮೊದಲು ನನ್ನ ಕಾಲಿಗೇ ಹಾಕಿ ನೋಡುವುದು ರೂಢಿ.
ಆರೂವರೆಯಾಗಿತ್ತು. ಕಿಟಕಿಯಲ್ಲಿ ನವೆಂಬರದ ಕತ್ತಲು.
ಪರ್ವಾನೆ ಹೋಗಿಯಾಗಿತ್ತು, ಯಂತ್ರ ಆರಿತ್ತು.
ಒಬ್ಬಳೇ ಕುರ್ಚಿಯಲ್ಲಿ ಕೂತು ಗುಂಡಿ ತಿರುಗಿಸಿದೆ.
ಹದಿಮೂರಕ್ಕೆ
ನನ್ನ ಪಾದವೂ ಎದ್ದಿತು,
ಮುಂದಿನ ಹೆಜ್ಜೆಗೆ ಸಿದ್ಧವಾಗಿ,
ಎಲ್ಲಿಗೆ ಎಂದು ನನ್ನನ್ನು ಕೇಳದೆ.

ಸ್ವಲ್ಪ ಹೊತ್ತು ಹಾಗೇ ಬಿಟ್ಟೆ.