ಎಫ್-ಹದಿನಾಲ್ಕು

ಬೆಲೆಪಟ್ಟಿ ಮೂರು ಬಂದಿದ್ದವು.
ಒಂದು ಲೀಡ್ಸಿನಿಂದ, ಒಂದು ಹಲ್‌ನಿಂದ,
ಮೂರನೆಯದು ಯಾರೂ ಕೇಳದಿದ್ದರೂ ತಾನಾಗಿ ಬಂದದ್ದು,
ಜೊತೆಗೊಂದು ಪೆನ್ನು, ಒಂದು ಚಾಕೊಲೇಟು.

ಗ್ರಿಮ್ಸ್‌ಬಿಯ ಕಾಲೇಜು. ಫೆಬ್ರವರಿ.
ಕಿಟಕಿಯಾಚೆ ಮೀನುಕಟ್ಟೆಯ ಗಾಳಿ.
ಒಳಗೆ ನಾನು, ಹದಿನೇಳು ವರ್ಷದಿಂದ ಇಲ್ಲಿ
ವೈರು ಸುತ್ತುವವಳು, ಬಲ್ಬು ಬದಲಿಸುವವಳು,
"ಶಬ್ದ ಬರ್ತಿಲ್ಲ" ಅಂದಾಗ ಓಡಿಹೋಗಿ
ಮ್ಯೂಟ್ ಗುಂಡಿ ಒತ್ತಿ
ಏನೂ ಅನ್ನದೆ ವಾಪಸು ಬರುವವಳು.

ಎಫ್-ಹದಿನಾಲ್ಕರ ಪ್ರೊಜೆಕ್ಟರಿಗೆ ವಯಸ್ಸಾಗಿತ್ತು.
ಬಿಳಿ ಎಂದರೆ ಅದಕ್ಕೆ ನಿನ್ನೆಯ ಚಹಾ.
ಫ್ಯಾನಿನ ಗೊರಕೆ ಥೋರ್ಲಿಯವರ ಪಾಠಕ್ಕಿಂತ
ಒಂದು ಶ್ರುತಿ ಮೇಲೆ.
ಶೈತ್ಯಯಂತ್ರದ ಮೇಷ್ಟ್ರು ಅವರು;
ಕಂಪ್ರೆಸರಿನ ಚಿತ್ರ ಕಾಣಲಿ ಅಂತ
ಬ್ಲೈಂಡು ಎಳೆದು, ದೀಪ ಆರಿಸಿ,
ಕತ್ತಲಲ್ಲೇ ಕಲಿಸುತ್ತಿದ್ದರು.

ಊಟದ ಬಿಡುವಿನಲ್ಲಿ ಅಲ್ಲೇ ಪರೀಕ್ಷೆ.
ಎಂಬತ್ತಾರು ಇಂಚಿನ ಮುಟ್ಟುಪರದೆಯೋ, ಲೇಸರ್ ಪ್ರೊಜೆಕ್ಟರೋ?
ಮಾರಾಟದ ಹುಡುಗ ಹವಳದ ದಿಬ್ಬ ತೋರಿಸಿದ.
ಏನು ಬಣ್ಣ, ಏನು ಮೀನು!
ಮೀನಿನ ಊರಿಗೆ ಬಂದು ಮೀನು ತೋರಿಸುವ ಧೈರ್ಯ.
ಲೆಕ್ಕಪತ್ರದ ಹಿಲರಿ ಕನ್ನಡಕ ಏರಿಸಿ
"ಇದರ ಬಲ್ಬಿಗೆಷ್ಟು?" ಅಂದಳು.
ನಾನು ಟೇಪು ಹಿಡಿದು ಹಿಂದಿನ ಬೆಂಚಿಗೆ ನಡೆದೆ.
ಎಂಟು ಮೀಟರು ನಲವತ್ತು.
ಅಲ್ಲಿಗೆ ಕಾಣದ ಅಕ್ಷರ, ಎಷ್ಟು ಇಂಚಾದರೇನು,
ಕನ್ನಡಿಯೊಳಗಿನ ಗಂಟು.

ಅಲ್ಲಿ ಕೂತಿದ್ದಳು ಮಾರ್ನಿ ಕಪಲ್‌ಡಿಚ್,
ಒಬ್ಬಳೇ, ಸ್ಯಾಂಡ್‌ವಿಚ್ ಬಿಚ್ಚಿಕೊಂಡು.
"ದೊಡ್ಡದೇ ತರ್ತೀರಾ?" ಕೇಳಿದಳು,
ದನಿ ತುಸು ಚಪ್ಪಟೆ, ಕಣ್ಣು ನನ್ನ ಬಾಯಿಯ ಮೇಲೆ.
"ಯಾವುದಾದ್ರೂ ತನ್ನಿ. ದೀಪ ಆರಿಸಬೇಡಿ ಅಂತ ಹೇಳಿ, ಸಾಕು.
ಆರಿಸಿದ ಕೂಡಲೇ ಥೋರ್ಲಿ ಮಾತು ನಿಲ್ಲಿಸಿಬಿಡ್ತಾರೆ,
ನನ್ನ ಪಾಲಿಗೆ."

ಆ ಬ್ಲೈಂಡು ಹಾಕಿಸಿದ್ದು ನಾನೇ.
ಎರಡು ವರ್ಷದ ಹಿಂದೆ, ಏಣಿ ಹತ್ತಿ ನಿಂತು,
ಕೂದಲೆಳೆಯಷ್ಟೂ ಬೆಳಕು ನುಸುಳದ ಹಾಗೆ.
ಚೆನ್ನಾಗಿ ಮಾಡಿದ್ದೀಯ ಅಂದಿದ್ದರು.

ರಾತ್ರಿ ಹಲ್ಲುಜ್ಜಿ, ಕನ್ನಡಿಯ ಮುಂದೆ,
ದನಿಯಿಲ್ಲದೆ ಅಂದು ನೋಡಿದೆ:
ಪಾವು. ಬಾವು. ಮಾವು.
ಅಕ್ಕಿ ಅಳೆಯುವ ಪಾವು, ಅಜ್ಜಿಯ ಮೊಣಕಾಲಿನ ಬಾವು,
ಉಪ್ಪುಖಾರ ಹಚ್ಚಿದ ಮಾವು,
ಮೂರಕ್ಕೂ ಅದೇ ತುಟಿ.
ಸ್ಲೇಟಿನ ಮೇಲೆ ಪ ಫ ಬ ಭ ಮ ತಿದ್ದಿ
ಗಂಟಲು ಹರಿಯುವ ಹಾಗೆ ಕೂಗಿದವಳು ನಾನು.
ನೋಡಿ ಕೇಳುವವರಿಗೆ ಅದು ಒಂದೇ ಅಕ್ಷರ,
ಉಳಿದದ್ದನ್ನು ಹುಬ್ಬು ಹೇಳಬೇಕು, ಕೆನ್ನೆ ಹೇಳಬೇಕು,
ಅಂತ ಯಾರೂ ಹೇಳಿರಲಿಲ್ಲ.
ದೀಪ ಆರಿಸಿ ಇನ್ನೊಮ್ಮೆ ಅಂದೆ.
ಪಾವೂ ಇಲ್ಲ, ಮಾವೂ ಇಲ್ಲ.

ಮರುದಿನ ಪಟ್ಟಿ ಹರಿದು ಹೊಸದು ಬರೆದೆ.
ಆರು ಸಾವಿರ ಲ್ಯೂಮೆನ್, ದೀಪ ಉರಿಯುತ್ತಿರುವಾಗಲೇ ಕಾಣುವಷ್ಟು.
ಅದರ ಕೆಳಗೆ:
ಮೇಷ್ಟ್ರ ಮುಖಕ್ಕೊಂದು ಪುಟ್ಟ ದೀಪ, ನೂರ ನಲವತ್ತು ಪೌಂಡು.
"ಮುಖಕ್ಕಾ?" ಅಂದಳು ಹಿಲರಿ.
"ಪರದೆಗಲ್ಲವಾ ನಾವು ದುಡ್ಡು ಕೊಡ್ತಿರೋದು?"
ಉತ್ತರ ಉದ್ದವಿತ್ತು. "ಅದೂ ಪರದೆಯೇ" ಅಂದೆ.
ಕೋಷ್ಟಕದ ಯಾವ ಸಾಲಿಗೆ ಇದನ್ನು ಹಾಕುವುದೆಂದು
ಬಹಳ ಹೊತ್ತು ನೋಡಿ, ಕೊನೆಗೆ
'ಇತರೆ'ಗೆ ಹಾಕಿದಳು.

ಈಸ್ಟರ್ ಕಳೆದ ಮೇಲೆ ಎಲ್ಲ ಕೂತಿತು.
ಮೊದಲ ವಾರ ಥೋರ್ಲಿ ಗೊಣಗಿದರು:
ಕಣ್ಣು ಕುಕ್ಕುತ್ತೆ, ಬೋಳುತಲೆ ಹೊಳೆಯುತ್ತೆ,
ನಾನೇನು ನಾಟಕದವನೇ?
ಎರಡನೆಯ ವಾರ ಮೀಸೆ ಕತ್ತರಿಸಿ ಬಂದರು.
ಮೂವತ್ತು ವರ್ಷ ಮೇಲ್ದುಟಿ ಮುಚ್ಚಿದ್ದ ಮೀಸೆ.
ಯಾವ ಬೆಲೆಪಟ್ಟಿಯಲ್ಲೂ ಅದು ಇರಲಿಲ್ಲ.

ನಿನ್ನೆ ಕೇಬಲ್ಲಿಗೆ ಹೋದವಳು ಬಾಗಿಲಲ್ಲಿ ನಿಂತೆ.
ಚಿತ್ರದಲ್ಲಿ ಬೆರಳಿಟ್ಟು, ಗೋಡೆಗೆ ಮುಖ ಮಾಡಿ
ಅರ್ಧ ವಾಕ್ಯ ಹೇಳಿಬಿಟ್ಟರು ಥೋರ್ಲಿ.
ನಿಂತರು.
ಇತ್ತ ತಿರುಗಿ
ಮೊದಲಿನಿಂದ ಶುರುಮಾಡಿದರು.