ಟುಲ್ಲಾಮರೀನ್‌ನಲ್ಲಿ ಇಳಿಯುವವರಿಗೆ

ಮೊದಲು, ಪೆನ್ನು.
ಕೈಚೀಲದಲ್ಲಿ ಒಂದಿರಲಿ, ಬರೆಯುವಂಥದ್ದು.
ವಿಮಾನದಲ್ಲಿ ಕೊಡುವ ಚೀಟಿಯನ್ನು ಅಲ್ಲೇ ತುಂಬಿ,
ಊಟದ ತಟ್ಟೆ ಎತ್ತಿಕೊಂಡು ಹೋದ ಮೇಲೆ,
ದೀಪ ಆರಿಸುವ ಮುಂಚೆ.
ಮೆಲ್ಬರ್ನ್‌ನಲ್ಲಿ ಇಳಿದ ಮೇಲೆ ಎಲ್ಲರೂ ಎಲ್ಲರನ್ನೂ
ಪೆನ್ನು ಕೇಳುತ್ತಿರುತ್ತಾರೆ.

ನಡಿಗೆ ಉದ್ದ. ಸುಗಂಧದಂಗಡಿಯ ನಡುವೆ
ದಾರಿ ಬಳಸಿ ಬಳಸಿ ಹೋಗುತ್ತದೆ;
ನೀವು ದಾರಿ ತಪ್ಪಿಲ್ಲ, ಬೇಕೆಂದೇ ಹಾಗೆ ಹಾಕಿದ್ದು.
ಸಾಲಿನಲ್ಲಿ ಫೋನು ತೆಗೆಯಬೇಡಿ.
ಕರೆದುಕೊಂಡು ಹೋಗುವವರು ಹೊರಗೆ ಕಾಯುತ್ತಿದ್ದಾರೆ,
ಕಾಯಲಿ, ಪಾರ್ಕಿಂಗಿನ ದುಡ್ಡು ಅವರದು.

ಚೀಲಗಳು ಸುತ್ತುವ ಕಡೆ ನಾಯಿಯೊಂದು ಬರಬಹುದು.
ಮೂಸಿ, ನಿಮ್ಮ ಪಕ್ಕ ಕೂತುಬಿಟ್ಟರೆ
ಹಚಾ ಅನ್ನಬೇಡಿ.
ಅದೂ ಪಾಳಿಯ ಮೇಲಿದೆ.

ಆಮೇಲೆ ನಾನು.
ಉಕ್ಕಿನ ಮೇಜು, ರಬ್ಬರಿನ ಗವಸು,
ಎದೆಯ ಪಟ್ಟಿಯಲ್ಲಿ ಹೊನ್ನೂರಮ್ಮ.
ಇಲ್ಲಿಯವರ ನಾಲಿಗೆಗೆ ಅಷ್ಟುದ್ದ ಆಗದು, ಆನರ್ ಅನ್ನುತ್ತಾರೆ.
ಸಿರುಗುಪ್ಪದವಳು. ಕನ್ನಡದಲ್ಲಿ ಮಾತಾಡಿಸಿದಳೆಂದು
ಬಿಟ್ಟುಬಿಡುತ್ತಾಳೆ ಅಂದುಕೊಳ್ಳಬೇಡಿ.

ಆಹಾರ, ಬೀಜ, ಮರದ ಸಾಮಾನು ಎಂದಿರುವಲ್ಲಿ
ಹೌದು ಎಂಬ ಚೌಕಕ್ಕೆ ಗೀಟು ಹಾಕಿ.
ಹೌದು ಅಂದರೆ ನನ್ನ ಮೇಜಿನವರೆಗೆ ಒಂದಿಷ್ಟು ಸುತ್ತು, ಅಷ್ಟೆ.
ಇಲ್ಲ ಅಂದು ಸಿಕ್ಕಿಬಿದ್ದರೆ
ಆ ದಂಡಕ್ಕೆ ಇನ್ನೊಂದು ಟಿಕೆಟ್ಟೇ ಬರುತ್ತಿತ್ತು.

ಚಟ್ನಿಪುಡಿ ಎಷ್ಟೋ ಸಲ ಪಾರಾಗುತ್ತದೆ.
ಹಸಿ ಕರಿಬೇವನ್ನು ಮರೆತುಬಿಡಿ.
ಉಪ್ಪಿನಕಾಯಿಯ ಬಗ್ಗೆ ಭಾಷಣ ಬೇಡ, ಮುಚ್ಚಳ ತೋರಿಸಿ.
ಇದು ತಿನ್ನೋದಲ್ಲ ಔಷಧಿ ಅನ್ನುವವರು
ದಿನಕ್ಕೆ ನಾಲ್ವರಾದರೂ ಸಿಗುತ್ತಾರೆ.
ಪ್ರಸಾದ ಅನ್ನುವವರು, ಆರು.

ಹೋದ ಜುಲೈ, ಬೆಳಗಿನ ಐದು, ಹೊರಗೆ ಕೊರೆಯುವ ಚಳಿ.
ಹೊಸದುರ್ಗದ ತಿಪ್ಪಮ್ಮ, ಜತೆಗೆ ಅಣ್ಣನ ಮಗಳು
ಇಂಚರ, ಎಂಟು ವರ್ಷ.
ಚೀಟಿ ತುಂಬಿದ್ದು ಹುಡುಗಿಯೇ:
ಹೌದು, ಹೌದು, ಹೌದು,
ಆಫ್ರಿಕಾಕ್ಕೆ ಹೋಗಿದ್ದಿರಾ ಅನ್ನುವಲ್ಲಿಯೂ
ಹೌದು.

ಸೀರೆಗಳ ನಡುವೆ ಅಳಗುಳಿಮಣೆ. ಹಲಸಿನ ಮರದ್ದು.
ಹದಿನಾಲ್ಕು ಗುಳಿ, ಬೆರಳು ಓಡಾಡಿ ಓಡಾಡಿ ನುಣುಪು.
ಹುಳು ಕೊರೆದ ತೂತುಂಟೇ ಎಂದು
ಟಾರ್ಚು ಬಿಟ್ಟು ನೋಡಿದೆ. ಇರಲಿಲ್ಲ.
ಮಣೆ ಹೋಗಬಹುದು.
ಬಟ್ಟೆಗಂಟಿನಲ್ಲಿ ಹುಣಿಸೆಬೀಜ.
ಅದು ಹೋಗದು.

"ಹುರಿದುಕೊಡ್ತೀನಿ, ಮೊಳೆಯಲ್ಲ.
ಒಲೆ ಎಲ್ಲಿದೆ?" ಅಂದರು ತಿಪ್ಪಮ್ಮ.

ಎಣಿಸಬೇಕೆಂಬ ನಿಯಮವೇನೂ ಇಲ್ಲ.
ಗವಸಿನೊಳಗಿನ ಕೈ ತಾನಾಗಿ
ಐದೈದರ ಗುಂಪು ಮಾಡುತ್ತ ಹೋಯಿತು.
ಅರವತ್ತೊಂಬತ್ತು.
ಇನ್ನೇನಾದರೂ ಇದೆಯಾ?
ಕೇಳಿದ್ದು ದೊಡ್ಡವರನ್ನು.
ಹೌದು ಅಂದಳು ಇಂಚರ,
ಎಡಗೈ ಮುಷ್ಟಿ ಬಿಚ್ಚಿದಳು.
ಬೆವರಿಗೆ ಬೀಜ ಮಿರುಗುತ್ತಿತ್ತು,
ಅಂಗೈಯಲ್ಲಿ ಅದರದೇ ಅಚ್ಚಿನ ಗುಳಿ.

ಎಲ್ಲಿಂದ ಹಿಡಿದುಕೊಂಡು ಬಂದಿದ್ದಳೋ.
ಡಬ್ಬಿಗೆ ಅರವತ್ತೊಂಬತ್ತು ಒಟ್ಟಿಗೆ ಬಿದ್ದವು,
ಇದು ಬೇರೆಯಾಗಿ.

"ಇನ್ನು ಯಾವುದರಲ್ಲಿ ಆಡೋದು?"
ಅಂಗಿಯ ಗುಂಡಿ ಆಗುತ್ತದೆ ಅಂದೆ,
ಐದು ಸೆಂಟಿನ ನಾಣ್ಯ ಆಗುತ್ತದೆ,
ಅದರಿಂದ ಇಲ್ಲಿ ಬೇರೇನೂ ಬರುವುದಿಲ್ಲ.
ತಿಪ್ಪಮ್ಮ ನನ್ನನ್ನೇ ದಿಟ್ಟಿಸಿದರು:
"ನಿನಗೆ ಆಟ ಬರುತ್ತೇನವ್ವ?"
ಹಿಂದೆ ಸಾಲು ಬೆಳೆದಿತ್ತು.
ಇಲ್ಲ ಅಂದೆ.

ಹೊರಗೆ ಬಂದ ಮೇಲೆ:
ಸ್ವೆಟರು ಸೂಟ್‌ಕೇಸಿನ ಮೇಲ್ಗಡೆಯೇ ಇರಲಿ.
ನಗರಕ್ಕೆ ಕೆಂಪು ಬಸ್ಸು ನೇರ, ದುಬಾರಿ.
ದುಡ್ಡು ಉಳಿಸುವವರು ಒಂಬೈನೂರ ಒಂದು ಹತ್ತಿ
ಬ್ರಾಡ್‌ಮೆಡೋಸ್‌ನಲ್ಲಿ ಇಳಿದು, ಅಲ್ಲಿಂದ ರೈಲು.
ಬಾಗಿಲು ತಾನಾಗಿ ತೆರೆಯುತ್ತದೆ.
ತೆರೆದಾಗ ನಿಂತು ಯೋಚಿಸಬೇಡಿ,
ಹಿಂದಿನವರ ಗಾಡಿ ಹಿಮ್ಮಡಿಗೆ ಬಡಿಯುತ್ತದೆ.

ಮತ್ತೆ, ಅವತ್ತಿನ ಚೀಟಿಗೆ
ತಡವಾಗಿ ಒಂದು ಗೀಟು:
ಬರುತ್ತದೆ ನನಗೆ ಆಟ.
ಕೈಯಲ್ಲಿದ್ದ ಬೀಜ ಮುಗಿದು
ಮುಂದಿನ ಗುಳಿಯೂ ಬರಿದಾಗಿದ್ದರೆ
ಬೆರಳಿಂದ ಅದನ್ನೊಮ್ಮೆ ಸವರಿ,
ಅದರಾಚೆಯದನ್ನು ಎತ್ತಿಕೊಳ್ಳಬೇಕು.