ಅರ್ಧ ಸೋತ ಹುಳಿ

ಪೊನ್ನಂಪೇಟೆಯ ಮಣ್ಣು ಪರೀಕ್ಷೆಯ ಕೋಣೆ, ನನ್ನ ಮೊದಲ ಸೋಮವಾರ.
ಬೊಳ್ಳವ್ವ ಮೇಡಂ ಎರಡು ಸೀಸೆ ಎತ್ತಿ
ಮೇಲಿನ ಕಪಾಟಿಗೆ ಸೇರಿಸಿದರು:
ಹೈಡ್ರೋಕ್ಲೋರಿಕ್, ಕಾಸ್ಟಿಕ್ ಸೋಡಾ.
"ಇಬ್ಬರೂ ಪೈಲ್ವಾನರು. ಕೂಡಿಸಿದರೆ
ಒಬ್ಬರನ್ನೊಬ್ಬರು ಮುಗಿಸಿ ಉಪ್ಪುನೀರು ಬಿಟ್ಟು ಹೋಗ್ತಾರೆ.
ಆಮೇಲೆ ಒಂದು ಹನಿ ಬಿದ್ದರೂ
ಕಾಯೋಕೆ ಯಾರೂ ಇಲ್ಲ."

ನಮಗೆ ಬೇಕಿದ್ದುದು ಪಿಎಚ್ ಐದು.
ಐದರಲ್ಲೇ ನಿಲ್ಲುವ ನೀರು.
ಫಾಸ್ಫೇಟ್ ಏಳರ ಆಸುಪಾಸಿನವನು,
ಇಷ್ಟು ಕೆಳಗಿಳಿದರೆ ಕೈಲಾಗದವನು.
ಅಮೋನಿಯ ಒಂಬತ್ತರಾಚೆಯ ಮನೆಯವಳು;
ಮುಚ್ಚಳ ತೆರೆದರೆ ಸಾಕು, ಪಕ್ಕದ ಕೋಣೆಯ ಗುಮಾಸ್ತರು
ದಡಬಡ ಕಿಟಕಿ ತೆರೆಯುತ್ತಾರೆ.
ಉಳಿದದ್ದು ಅಸಿಟಿಕ್,
ನಾಲ್ಕೂ ಮುಕ್ಕಾಲಿನಲ್ಲಿ ಕಾಲೂರಿದ ಬಡಪಾಯಿ ಹುಳಿ.
"ನೆರೆಯವನನ್ನೇ ಕರಿ," ಎಂದರು,
"ಒಂದಂಕಿಗಿಂತ ದೂರದವನು ಕಷ್ಟಕ್ಕಾಗೋದಿಲ್ಲ."

ಜೊತೆಗೆ ಬೇಕಾದ ಅಸಿಟೇಟಿನ ಡಬ್ಬಿ ಖಾಲಿ.
ಇಂಡೆಂಟ್ ಮಡಿಕೇರಿಗೆ ಹೋಗಿ ಎರಡು ತಿಂಗಳು.
ಮೇಡಂ ಸ್ಟೂಲು ಹತ್ತಿ
ಪೈಲ್ವಾನರಲ್ಲಿ ಒಬ್ಬನನ್ನು ಇಳಿಸಿಕೊಂಡರು.
ನೂರು ಮಿಲಿ ಹುಳಿಗೆ
ಅಷ್ಟೇ ಖಾರದ ಕಾಸ್ಟಿಕ್ ಅರವತ್ತಮೂರೂವರೆ,
ಬ್ಯುರೆಟ್ಟಿನಿಂದ, ಉಸಿರು ಬಿಗಿಹಿಡಿದು.
ಪೂರ್ತಿ ಸೋಲಿಸಬೇಡ.
ಸೋತದ್ದು ಲವಣವಾಗಲಿ,
ಉಳಿದದ್ದು ಹುಳಿಯಾಗಿಯೇ ಇರಲಿ,
ಒಂದೇ ಬೀಕರಿನಲ್ಲಿ, ಮಾತಾಡಿಕೊಂಡು.

ಮೀಟರಿನ ಮುಳ್ಳು ಅತ್ತಿತ್ತ ನೋಡಿ ಐದಕ್ಕೆ ಬಂದು ನಿಂತಿತು.
ನಾನು ಕದ್ದು
ತೆಳುಮಾಡಿಟ್ಟ ಆಸಿಡ್ಡಿನ ಒಂದು ಹನಿ ಬಿಟ್ಟೆ.
ಕದಲಲಿಲ್ಲ.
ಇನ್ನೊಂದು. ಕೂದಲೆಳೆಯಷ್ಟು, ಅಷ್ಟೆ.
"ನೂರೈವತ್ತು ಹನಿಗೆ ಅದೂ ಬೀಳುತ್ತೆ,"
ಮೇಡಂ ಬೆನ್ನು ತಿರುಗಿಸಿಯೇ ಹೇಳಿದರು,
"ತಾಳ್ಮೆಗೂ ಅಳತೆ ಇದೆ. ಬರೆದುಕೋ."

ಮಧ್ಯಾಹ್ನ ಜೀಪು. ಹುದಿಕೇರಿಯ ಪೆಮ್ಮಯ್ಯ,
ಕೈಯಲ್ಲಿ ಗೊಬ್ಬರದ ಚೀಲದಿಂದ ಕತ್ತರಿಸಿದ ತುಂಡು, ಅದರಲ್ಲಿ ಮಣ್ಣು.
ಎರಡು ವರ್ಷ ಸುಣ್ಣ ಹಾಕಿದ್ದಾರಂತೆ,
ಕಾಫಿ ಬುಡ ಇನ್ನೂ ಹುಳಿ.
ಸುಣ್ಣದಲ್ಲೇ ಮೋಸ, ಅಂಗಡಿಯವನ ಮೇಲೆ ಕೇಸು, ಇತ್ಯಾದಿ.
ಮೇಡಂ ಮಣ್ಣನ್ನು ಬೆರಳಲ್ಲಿ ಉಜ್ಜಿದರು.
ಕಪ್ಪು, ನೆರಳ ಮರಗಳ ಎಲೆ ಕೊಳೆತ ತೇವ.
"ಸುಣ್ಣ ಸರಿಯಾಗಿದೆ," ಎಂದರು.
"ಹಟ ನಿಮ್ಮದಷ್ಟೇ ಅಲ್ಲ, ನಿಮ್ಮ ಮಣ್ಣಿನದೂ ಇದೆ.
ಎಷ್ಟಂತ ಇವಳು ಅಳೆದು ಹೇಳ್ತಾಳೆ."

ಇವಳು ಎಂದರೆ ನಾನು.
ಬೆಳಗಿನ ಬೀಕರನ್ನು ನೋಡಿದೆ. ಮುಳ್ಳು ಅಲ್ಲೇ ಇತ್ತು.

ಪೆಮ್ಮಯ್ಯ ಹೋಗುವಾಗ ಮೇಜಿನ ಮೇಲೆ
ಹಳೇ ರಮ್ಮಿನ ಬಾಟಲಿ ಇಟ್ಟರು, ಒಳಗೆ ಕಾಚಂಪುಳಿ,
ಟಾರಿನಷ್ಟು ಕಪ್ಪು.
ನನ್ನ ಕೈ ತಾನಾಗಿ ಎಲೆಕ್ಟ್ರೋಡಿನತ್ತ ಹೋಯಿತು.
"ಅದಕ್ಕೆ ಜೊತೆ ಹುಡುಕಬೇಡ,"
ಬೊಳ್ಳವ್ವ ಮೇಡಂ ಬಾಟಲಿಯನ್ನು ಬ್ಯಾಗಿಗೆ ಸೇರಿಸಿದರು.
"ಅದಕ್ಕೆ ಭಾನುವಾರದ ಪಂದಿ ಗೊತ್ತಾಗಿದೆ."